ಮುಂಚೆ ಸಿಸ್ಟರೂ ಸದ್ದಿಲ್ಲದ ಲಿಫ್ಟೂ

ಮೂರು ಮಹಡಿಯ ಆ ಆಸ್ಪತ್ರೆಯ ಕೆಳಗಡೆ, ಮುರಿದ ಮೂಳೆಗೆ ಪ್ಲಾಸ್ಟರ್ ಹಾಕುವ ಕೋಣೆಯೊಂದಿದೆ. ಬುಧವಾರ ಮಧ್ಯಾಹ್ನ ಮೂಳೆ ಡಾಕ್ಟರು ಬರುವುದಿಲ್ಲ. ಆ ಹೊತ್ತಿಗೆ ಕೋಣೆ ಸಿಸ್ಟರ ಪಾಲಿಗೆ ಬರುತ್ತದೆ. ಗೋಡೆಗೆಲ್ಲ ಬಿಳಿ ಪುಡಿ, ಮೂಲೆಯಲ್ಲಿ ಕತ್ತರಿಸಿ ಬಿಚ್ಚಿದ ಪ್ಲಾಸ್ಟರುಗಳು. ಯಾರೋ ಕೈಕಾಲು ಮರೆತು ಹೋದ ಹಾಗೆ ಕಾಣುತ್ತವೆ. ಅವನ್ನು ಕಾಲಲ್ಲಿ ಅತ್ತ ಸರಿಸಿ, ಸ್ಟೂಲುಗಳನ್ನು ಎಳೆದು, ಸಿಸ್ಟರು ತಾವೂ ಒಂದರ ಮೇಲೆ ಕೂರುತ್ತಾರೆ.

ಬರುವವರೆಲ್ಲ ಹರೆಯದವರು. ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಬಂಡೆ ಬಿದ್ದಿದೆ. ಕೆಲವರಿಗೆ ಬೆಂಕಿ, ಕೆಲವರಿಗೆ ರಸ್ತೆ, ಕೆಲವರಿಗೆ ಸ್ವಂತ ಮನೆಯವರ ಕೈ. ಬಂಡೆಯಡಿಯಿಂದ ಎದ್ದು ಬಂದಿದ್ದಾರೆ. ಎದ್ದು ಬಂದ ಮೇಲೆ ಕುಡಿತಕ್ಕೆ ಬಿದ್ದಿದ್ದಾರೆ.

ಸಿಸ್ಟರು ತುರ್ತು ವಿಭಾಗದಲ್ಲಿ ಅರ್ಧ ಆಯಸ್ಸು ಸವೆಸಿದವರು. ಒಮ್ಮೆ ರಕ್ತ ಸುರಿಸಿಕೊಂಡು ಬಂದ ಮುಖವೇ ಸ್ವಲ್ಪ ಕಾಲದ ಮೇಲೆ ಕುಡಿದು ಬಿದ್ದು ಅದೇ ಸ್ಟ್ರೆಚರಿನಲ್ಲಿ ಬರುವುದನ್ನು ನೋಡಿ ನೋಡಿ ಅವರಿಗೆ ರೋಸಿಹೋಯಿತು. "ಹೊಲಿಗೆ ಬಿಚ್ಚೋಕೆ ಯಾವತ್ತು ಬರಬೇಕು ಅಂತ ಹೇಳಿ ಕಳಿಸ್ತೀವಿ. ಉಳಿದದ್ದಕ್ಕೆ ಯಾವತ್ತು ಬರಬೇಕು ಅಂತ ಯಾರಾದ್ರೂ ಹೇಳಿದ್ದೀವಾ?" ಎಂದು ದೊಡ್ಡ ಡಾಕ್ಟರ ಎದುರು ಜಗಳಕ್ಕೇ ನಿಂತರು. ಆಸ್ಪತ್ರೆಗೆ ಆಗಷ್ಟೇ ಬಂದಿದ್ದ ಮನಸ್ಸಿನ ಡಾಕ್ಟರಮ್ಮ ಮಾತ್ರ, "ನೀವು ಕಲಿತು ಬನ್ನಿ, ನಾನಿದ್ದೀನಿ," ಎಂದರು. ಸಿಸ್ಟರು ತಲೆ ನರೆತ ಮೇಲೆ ಮತ್ತೆ ಬೆಂಚಿನಲ್ಲಿ ಕೂತು, ಮಕ್ಕಳ ವಯಸ್ಸಿನವರ ಜೊತೆ ಕುಡಿತಕ್ಕೆ ಬಿದ್ದವರನ್ನು ಮಾತಾಡಿಸಿ ಎತ್ತುವ ವಿದ್ಯೆ ಕಲಿತು ಬಂದರು. ಕೋಣೆ ಕೊಡಿ ಎಂದಾಗ ಪ್ಲಾಸ್ಟರ್ ಕೋಣೆ ಸಿಕ್ಕಿತು. ಲೋಕ ಹೀಗೆಯೇ. ಮೂಳೆಗೆ ವಾರವಿಡೀ ಜಾಗ, ಮನಸ್ಸಿಗೆ ಮೂಳೆ ಡಾಕ್ಟರಿಗೆ ರಜೆಯಿದ್ದಾಗ.

ಮೊದಲು ಡಾಕ್ಟರಮ್ಮ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡುತ್ತಾರೆ. ತುಂಬ ಕುಡಿಯುವವರು ಒಂದೇ ಏಟಿಗೆ ನಿಲ್ಲಿಸಿದರೆ ಮೈ ನಡುಗಿ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು ಬರಬಹುದು. ಆದ್ದರಿಂದ ಶೀಷೆ ಒಡೆದು ವೀರಾವೇಶ ತೋರಿಸುವುದು ಅಲ್ಲಿ ನಡೆಯುವುದಿಲ್ಲ. ಎಷ್ಟೆಷ್ಟು ಇಳಿಸಬೇಕೆಂಬುದು ಡಾಕ್ಟರಮ್ಮನ ಲೆಕ್ಕ. ಹೇಗೆ ಇಳಿಸಬೇಕೆಂಬುದು ಸಿಸ್ಟರ ಕೆಲಸ.

ಆ ಕೆಲಸದಲ್ಲಿ ಅವರದ್ದೊಂದು ಪಟ್ಟು ಇತ್ತು. ಬಂಡೆ ಹೇಗೆ ಬಿತ್ತು ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದರು, ಅಷ್ಟೆ. "ನಿನ್ನೆ ಕುಡಿದೆ" ಎಂದರೆ ಮುಖ ಸಿಂಡರಿಸುತ್ತಲೂ ಇರಲಿಲ್ಲ. ಕೇಳುತ್ತಿದ್ದುದು ಒಂದೇ: "ಅದಕ್ಕೆ ಮುಂಚೆ?"

"ಮುಂಚೆ ಏನಿಲ್ಲ, ಅಂಗಡಿಗೆ ಹೋದೆ."

"ಅದಕ್ಕೂ ಮುಂಚೆ?"

"ಫೋನ್ ಬಂತು."

"ಅದಕ್ಕೂ ಮುಂಚೆ?"

ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಸಿ, ಯಾವ ಮೆಟ್ಟಿಲಿನಲ್ಲಿ ಕಾಲು ಜಾರಿತು ಎಂದು ಅವರಿಂದಲೇ ಹೇಳಿಸುತ್ತಿದ್ದರು. ಆ ಮೆಟ್ಟಿಲಿಗೆ ಏನು ಮಾಡಬಹುದು ಎಂಬ ಮಾತು ಆಮೇಲೆ. ಹಾಗಾಗಿ ಹುಡುಗರು ಅವರಿಗೆ ಮುಂಚೆ ಸಿಸ್ಟರ್ ಎಂದು ಹೆಸರಿಟ್ಟರು. ಸಲೂನಿನಲ್ಲಿ ಕೂದಲು ಕತ್ತರಿಸುವ ಹುಡುಗಿಯೊಬ್ಬಳಿದ್ದಳು, ನಾಲಿಗೆಯೂ ಕತ್ತರಿಯೇ. ಅವಳಿಗೆ ಏನಾಗಿತ್ತು ಎಂಬುದು ಅವಳ ಸ್ವತ್ತು, ಇಲ್ಲಿ ಬರೆಯುವಂಥದ್ದಲ್ಲ. ಅವಳು ಹೊಸಬರಿಗೆ ಹೇಳುತ್ತಿದ್ದಳು: "ಹುಷಾರಾಗಿರ್ರಪ್ಪ. ಸಿಸ್ಟರ್ ಕೈಗೆ ಸಿಕ್ಕಿದ್ರೆ 'ಅದಕ್ಕೂ ಮುಂಚೆ, ಅದಕ್ಕೂ ಮುಂಚೆ' ಅಂತ ಹುಟ್ಟಿದ ವಾರ್ಡಿನ ತನಕ ಕರ್ಕೊಂಡು ಹೋಗ್ತಾರೆ!"

ಇಂಥ ಕೋಣೆಗೆ ಒಂದು ಬುಧವಾರ ಸ್ಪ್ಯಾನರ್ ಬಂದ.

ಲಿಫ್ಟ್ ರಿಪೇರಿಯ ಹುಡುಗ. ಉದ್ದಕ್ಕೆ, ತೆಳ್ಳಗೆ, ತಲೆ ಮಾತ್ರ ದೊಡ್ಡದು. ಹೆಸರಿಟ್ಟವರು ಕಣ್ಣಿಟ್ಟು ನೋಡಿಯೇ ಇಟ್ಟಿದ್ದರು. ಲಿಫ್ಟ್ ಓಡಾಡುವ ಆ ಉದ್ದನೆಯ ಬಾವಿಯಂಥ ಜಾಗದಲ್ಲಿ ಕೆಲಸ ಮಾಡುವವರು ಯಾವತ್ತೂ ಜೋಡಿ. ಒಬ್ಬ ತಳದ ಗುಂಡಿಗೆ ಇಳಿದರೆ ಇನ್ನೊಬ್ಬ ಮೇಲಿರಬೇಕು. ಕೆಳಗಿನವನು "ನಿಂತಿದೆಯಾ?" ಎಂದು ಕೂಗಬೇಕು, ಮೇಲಿನವನು ಕಣ್ಣಾರೆ ನೋಡಿ "ನಿಂತಿದೆ" ಎನ್ನಬೇಕು. ಆ ಉತ್ತರ ಕಿವಿಗೆ ಬೀಳದೆ ಕೈ ಒಳಗೆ ಹೋಗಬಾರದು. ಸ್ಪ್ಯಾನರಿನ ಜೋಡಿಯಾಗಿದ್ದವನನ್ನು ಅವನು ಅಣ್ಣ ಎಂದೇ ಕರೆಯುತ್ತಿದ್ದ. ಒಂದು ಹೊಸ ಕಟ್ಟಡದಲ್ಲಿ ಅಣ್ಣ ಗುಂಡಿಯಲ್ಲಿದ್ದಾಗ, ಸ್ಪ್ಯಾನರ್ ಮೇಲೆ ಬಾಗಿಲ ಬೀಗ ಬಿಚ್ಚುತ್ತಿದ್ದಾಗ, ಮೇಲೆ ಹೋಗಲು ಜನ ಕಾಯುತ್ತಿದ್ದಾರೆಂದು ಕಟ್ಟಡದ ಮ್ಯಾನೇಜರು ಸಿಟ್ಟಿಗೆದ್ದು, "ಇನ್ನೂ ಎಷ್ಟು ಹೊತ್ತು ಇವರದ್ದು" ಎಂದು ಮೇನ್ ಸ್ವಿಚ್ ಹಾಕಿಬಿಟ್ಟ.

ಅಣ್ಣ ಉಳಿಯಲಿಲ್ಲ. ಮ್ಯಾನೇಜರಿಗೆ ಬೇರೆ ಕಟ್ಟಡ ಸಿಕ್ಕಿತು. ಕಂಪನಿಯವರು ಫೋಟೋಗೆ ಹಾರ ಹಾಕಿ ಎರಡು ನಿಮಿಷ ಮೌನ ಆಚರಿಸಿದರು. ಆ ಸಂಜೆಯೇ ಒಬ್ಬ ದೊಡ್ಡ ಮನುಷ್ಯರು ಸ್ಪ್ಯಾನರಿನ ಹೆಗಲ ಮೇಲೆ ಕೈಹಾಕಿ ಕರೆದುಕೊಂಡು ಹೋಗಿ, "ಕುಡಿಯೋ, ನಿದ್ದೆ ಬರುತ್ತೆ. ಗಂಡಸಲ್ವಾ?" ಎಂದು ಗ್ಲಾಸು ಕೈಗಿಟ್ಟರು. ಮರುದಿನ ಚಿಕ್ಕಪ್ಪ ಕೊಟ್ಟ. ಆಮೇಲೆ ಗೆಳೆಯರು. ಎಲ್ಲರೂ ಒಳ್ಳೆಯವರೇ. ಹಾಗೆ ಕೊಟ್ಟವರೇ ಆರು ತಿಂಗಳು ಕಳೆಯುವಷ್ಟರಲ್ಲಿ, "ಹುಡುಗ ಕೆಟ್ಟುಹೋದ, ಕುಡುಕನಾದ," ಎಂದು ಮಾತಾಡಿಕೊಳ್ಳತೊಡಗಿದರು. ಗ್ಲಾಸು ಕೊಡುವಾಗ ಕರುಣೆ, ಹಿಡಿದುಕೊಂಡಾಗ ತಿರಸ್ಕಾರ. ನಮ್ಮ ಕರುಣೆಯ ಬಂಡವಾಳ ಇಷ್ಟೇ.

ಕೈ ಬೆಳಿಗ್ಗೆ ನಡುಗುತ್ತಿತ್ತು. ನಡುಗುವ ಕೈಯವನನ್ನು ಯಾರೂ ಜೋಡಿಗೆ ಸೇರಿಸುವುದಿಲ್ಲ. ಅವನ ಹಿರಿಯ ಮೇಸ್ತ್ರಿಯೊಬ್ಬ ಮಾತ್ರ, ಬಾಯಿ ಬಿಟ್ಟರೆ ಬೈಗುಳ, ಎದೆ ಮಾತ್ರ ಬೆಣ್ಣೆ, ಕಂಪನಿಯವರೊಡನೆ ಗುದ್ದಾಡಿ ಹುಡುಗನ ಜಾಗವನ್ನು ಖಾಲಿ ಇಡಿಸಿದ್ದ. "ಇನ್ನು ಮೂರು ತಿಂಗಳು ಮುಗಿಯೋ ತನಕ ನಿನ್ನ ಜಾಗಕ್ಕೆ ಯಾರೂ ಬರಲ್ಲ. ಡಾಕ್ಟರಮ್ಮ ಆಗಬಹುದು ಅಂದ್ರೆ ನನ್ನ ಜೋಡಿ ನೀನೇ. ಇಲ್ಲಾಂದ್ರೆ ಬೇರೆಯವನು ಬರ್ತಾನೆ, ನಾನು ತಲೆ ಕೆಳಗೆ ಮಾಡಿ ನಿಂತ್ರೂ ತಡೆಯೋಕಾಗಲ್ಲ ಕಣೋ," ಎಂದಿದ್ದ. ಸ್ಪ್ಯಾನರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದಕ್ಕೇ ಅವನು ಪ್ಲಾಸ್ಟರ್ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದ.

ಮೊದಲ ದಿನ ಸಿಸ್ಟರು ಅವನ ಮುಂದೆ ಒಂದು ಗ್ಲಾಸೂ ಒಂದು ಜಗ್ಗು ನೀರೂ ಇಟ್ಟು, "ನೀನು ಒಂದು ಅನ್ನೋದು ಎಷ್ಟು, ಹಾಕಿ ತೋರ್ಸು," ಎಂದರು. ಅವನು ಹಾಕಿದ.

ಸಲೂನಿನ ಹುಡುಗಿ ಬಗ್ಗಿ ನೋಡಿದಳು. "ಅಯ್ಯೋ, ಇದು ಒಂದಾ? ಇದರಲ್ಲಿ ನಾನು ಒಬ್ಬರ ತಲೆ ತೊಳೀತೀನಿ!"

ಸ್ಪ್ಯಾನರ್ ನಕ್ಕ. ನಗು ಬಂದದ್ದು ಅವನಿಗೇ ಆಶ್ಚರ್ಯವಾಯಿತು.

ಗ್ಲಾಸು ಚಿಕ್ಕದಾಯಿತು. ಹೊಟ್ಟೆಗೆ ಊಟ ಬಿದ್ದ ಮೇಲೆ ಮಾತ್ರ ಗ್ಲಾಸು ಎಂಬ ನೇಮ ಬಂತು. ಅಷ್ಟರ ಮಟ್ಟಿಗೆ ಹಿಡಿತ ಸಿಕ್ಕಿತು. ಸಿಗದೆ ಉಳಿದದ್ದು ಸಂಜೆ ಮನೆಗೆ ಹೋಗುವ ಹೊತ್ತು. ಬೀದಿಯ ತಿರುವಿನ ತನಕ ಚೆನ್ನಾಗಿಯೇ ಬರುತ್ತಿದ್ದ. ತಮ್ಮ ಕಟ್ಟಡದ ಬಾಗಿಲಲ್ಲಿ ಒಂದು ಗಳಿಗೆ ನಿಂತವನು, ಒಳಗೆ ಹೋಗದೆ ತಿರುಗಿ ಹೆಂಡದಂಗಡಿಗೆ ಹೋಗುತ್ತಿದ್ದ. ಕುಡಿದ ಮೇಲೆಯೇ ಮೆಟ್ಟಿಲು ಹತ್ತಿ ಐದನೇ ಮಹಡಿಯ ಮನೆ ಸೇರುತ್ತಿದ್ದ. ಗೆಳೆಯರು ಕೆಡಿಸುತ್ತಿದ್ದಾರೆ ಎಂದು ಅವನ ತಾಯಿ ಊರಿನ ಗೆಳೆಯರನ್ನೆಲ್ಲ ಶಪಿಸುತ್ತಿದ್ದಳು.

ಅವನ ಒಪ್ಪಿಗೆ ಪಡೆದು ಸಿಸ್ಟರು ಒಂದು ಬುಧವಾರ ತಾಯಿಯನ್ನೂ ಕರೆಸಿದರು. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಕೆದರಿದ್ದನ್ನೆಲ್ಲ ಮತ್ತೆ ಮಡಿಸಿ ಇಡುವುದು ಆಕೆಯ ಕೆಲಸ. ಕೂತಲ್ಲಿಯೂ ಕೈ ಸುಮ್ಮನಿರದೆ ಕರವಸ್ತ್ರವನ್ನು ಮಡಿಸಿ ಬಿಚ್ಚಿ ಮಡಿಸುತ್ತಿದ್ದಳು.

"ಅಂಗಡಿಗೆ ಹೋಗೋಕೆ ಮುಂಚೆ?" ಎಂದು ಹುಡುಗನನ್ನು ಕೇಳಿದರು ಸಿಸ್ಟರು.

"ಬಾಗಿಲಲ್ಲಿ ನಿಂತಿರ್ತೀನಿ."

"ಅಲ್ಲಿ ಏನಾಗುತ್ತೆ?"

ಹುಡುಗ ತನ್ನ ಕೈಯನ್ನೇ ನೋಡುತ್ತ ಹೇಳಿದ: "ನಮ್ಮ ಕಟ್ಟಡದ ಲಿಫ್ಟು ಹಳೇದು ಸಿಸ್ಟರ್. ಮೇಲೆ 'ಟಕ್' ಅನ್ನುತ್ತೆ. ಆಮೇಲೆ ಗುಂಯ್ ಅಂತ ಹೊರಡುತ್ತೆ. ಕರಕರ ಅಂತ ಇಳಿಯುತ್ತೆ. ಅಷ್ಟರಲ್ಲಿ ನನ್ನ ಕಾಲು ಅಂಗಡಿ ಕಡೆ ತಿರುಗಿರುತ್ತೆ."

ತಾಯಿಯ ಕೈ ಮಡಿಸುವುದನ್ನು ನಿಲ್ಲಿಸಿತು. "ಅಯ್ಯೋ ನನ್ನ ಕಂದ, ದಿನಾ ಅದರ ಸದ್ದು ಕೇಳ್ಕೊಂಡೇ ಬರ್ತಿದ್ಯೇನೋ! ನಾನು ನಿನ್ನ ಬೈತಿದ್ನಲ್ಲೋ!" ಎಂದು ಗೊಳೋ ಎಂದು ಅತ್ತಳು. ಹುಡುಗನೂ ಅತ್ತ. ಸಲೂನಿನ ಹುಡುಗಿ ಮೂಗು ಒರೆಸಿಕೊಂಡಳು. ಸಿಸ್ಟರು ಎದ್ದು ನೀರು ತಂದುಕೊಟ್ಟರು. ಆ ಹೊತ್ತಿಗೆ ಕೋಣೆಗೆ ಬೀಗ ಹಾಕುವವನು ಬಂದ. ಸಿಸ್ಟರ ಹೆಸರೇ ಆಗಿಹೋದ ಆ ಪ್ರಶ್ನೆಯನ್ನು ಅವತ್ತು ಮತ್ತೊಂದು ಸಲ ಕೇಳುವುದು ಉಳಿದುಹೋಯಿತು.

ತಾಯಿ ಸುಮ್ಮನೆ ಕೂರುವವಳಲ್ಲ. ನೆಟ್ಟಗೆ ಮೇಸ್ತ್ರಿಯ ಬಳಿ ಹೋದಳು. "ಅಣ್ಣಾ, ಆ ಹಾಳು ಲಿಫ್ಟಿನ ಸದ್ದೇ ನನ್ನ ಮಗನ್ನ ತಿಂತಿರೋದು."

ಮೇಸ್ತ್ರಿ ಎದೆ ತಟ್ಟಿಕೊಂಡ. "ಇಷ್ಟೇನಾ ಅಮ್ಮಾ? ಸದ್ದು ತೆಗೆಯೋದು ನನಗೆ ಕಲಿಸಬೇಕಾ?"

ರಜೆಯ ದಿನ, ಹುಡುಗ ಹೊರಗೆ ಹೋಗಿದ್ದಾಗ, ಮೇಸ್ತ್ರಿ ಇಬ್ಬರನ್ನು ಕರೆದುಕೊಂಡು ಬಂದ. ಟಕ್ ಎನ್ನುತ್ತಿದ್ದ ಹಳೆಯ ಸ್ವಿಚ್ಚು ತೆಗೆದು ಹೊಸದು ಹಾಕಿದರು. ಕಂಬಿಗಳ ತುಕ್ಕು ಒರೆಸಿ ಎಣ್ಣೆ ಹಾಕಿದರು. ಸವೆದ ಬೇರಿಂಗು ಬದಲಾಯಿಸಿದರು. ಕೂಲಿಯ ಮಾತೆತ್ತಿದ್ದಕ್ಕೆ ಮೇಸ್ತ್ರಿ ಆ ತಾಯಿಗೂ ಬೈದ. ಸಂಜೆಯ ಹೊತ್ತಿಗೆ ಲಿಫ್ಟು ಬೆಣ್ಣೆಯ ಮೇಲೆ ಜಾರಿದ ಹಾಗೆ ಓಡತೊಡಗಿತು. ನಾಲ್ಕನೇ ಮಹಡಿಯ ಹೆಂಗಸು ಕೂಡ ಹೊರಬಂದು, "ಪರವಾಗಿಲ್ಲ, ಕೆಲಸ ಬರುತ್ತೆ ನಿಮಗೆ," ಎಂದಳು. ಆಕೆ ಯಾರನ್ನೂ ಹೊಗಳಿದ ದಾಖಲೆಯಿಲ್ಲ.

ಆ ಸಂಜೆ ಸ್ಪ್ಯಾನರ್ ಬಾಗಿಲಿಗೆ ಬಂದು ನಿಂತ. ಕಾದ. ಏನೂ ಕೇಳಿಸಲಿಲ್ಲ. ಇನ್ನೂ ಸ್ವಲ್ಪ ಕಾದ. ಇದ್ದಕ್ಕಿದ್ದಂತೆ ಎದುರಿಗಿನ ಲಿಫ್ಟಿನ ಬಾಗಿಲು ಸದ್ದಿಲ್ಲದೆ ತೆರೆದುಕೊಂಡು, ಒಳಗಿಂದ ಯಾರೋ ಹೊರಬಂದರು.

ಅವತ್ತು ಅವನು ಕುಡಿದಷ್ಟು ಅಣ್ಣ ಸತ್ತ ದಿನವೂ ಕುಡಿದಿರಲಿಲ್ಲ. ಅಂಗಡಿಯವರೇ ಎತ್ತಿಕೊಂಡು ಬಂದು ಮೆಟ್ಟಿಲ ಬುಡದಲ್ಲಿ ಮಲಗಿಸಿ ಹೋದರು. ಮರುದಿನವೂ ಅದೇ. ಅದರ ಮರುದಿನವೂ. ಬುಧವಾರ ಕೋಣೆಗೆ ಬರಲಿಲ್ಲ. ಮೇಸ್ತ್ರಿ ಹೇಳಿದ ಗಡುವಿಗೆ ಇನ್ನೊಂದೇ ತಿಂಗಳಿತ್ತು. ತಾಯಿ ಬಂದು, ನಡೆದದ್ದೆಲ್ಲ ಹೇಳಿ, "ಸದ್ದು ತೆಗೆಸಿದ್ರೂ ಹೀಗಾಯ್ತಲ್ಲ ಸಿಸ್ಟರಮ್ಮಾ, ಇನ್ನೇನು ಮಾಡ್ಲಿ?" ಎಂದಾಗ ಸಿಸ್ಟರು ಹುಡುಗನ ಖಾಲಿ ಸ್ಟೂಲನ್ನು ಎಳೆದು ಅವಳನ್ನು ಕೂರಿಸಿದರು.

ಮರುದಿನ ಬೆಳಿಗ್ಗೆ ಸಿಸ್ಟರು ತಮ್ಮ ಮನೆಯಲ್ಲಿ ತಿಂಡಿಯ ಮುಂದೆ ಕೂತು ಆಕಳಿಸುತ್ತಿದ್ದರು. ಅವರ ಯಜಮಾನರು ಗಡಿಯಾರ ರಿಪೇರಿಯವರು, ಗೊರಕೆಗೆ ಹೆಸರುವಾಸಿ.

"ಏನೇ, ನಿದ್ದೆ ಇಲ್ವಾ? ನನ್ನ ಗೊರಕೆ ಜಾಸ್ತಿಯಾಯ್ತಾ?"

"ನಿಮ್ಮ ಗೊರಕೆಗೆ ನಾನೆಲ್ಲಿ ಎದ್ದಿದ್ದೀನಿ? ನಿಂತ್ರೆ ಎಚ್ಚರ ಆಗುತ್ತೆ. ನೆಗಡಿ ಅಂತ ಮಾತ್ರೆ ತಗೊಂಡ್ರಲ್ಲ, ರಾತ್ರಿಯೆಲ್ಲ ಸದ್ದಿಲ್ಲ. ಉಸಿರಾಡ್ತಿದ್ದೀರಾ ಇಲ್ವಾ ಅಂತ ಮೂಗಿನ ಹತ್ರ ಬೆರಳು ಹಿಡಿದು ನೋಡೋದೇ..."

ಮಾತು ಅರ್ಧಕ್ಕೆ ನಿಂತಿತು. ಸಿಸ್ಟರು ತಟ್ಟೆ ಬಿಟ್ಟು ಎದ್ದರು.

"ಎಲ್ಲಿಗೆ? ತಿಂದು ಹೋಗೇ!"

"ಒಂದು ಪ್ರಶ್ನೆ ಕೇಳೋದು ಮರೆತಿದ್ದೆ ಕಣ್ರೀ."

ಹುಡುಗನ ಕಟ್ಟಡದ ಐದು ಮಹಡಿ ಹತ್ತುವಷ್ಟರಲ್ಲಿ ಅವರಿಗೆ ಏದುಸಿರು. ಲಿಫ್ಟು ಇತ್ತು, ಆದರೆ ಅವನ ಮನೆಗೆ ಅವನ ದಾರಿಯಲ್ಲೇ ಹೋಗಬೇಕೆನಿಸಿತು. ಹುಡುಗ ಮುಖ ತೊಳೆಯದೆ ಗೋಡೆಗೆ ಒರಗಿ ಕೂತಿದ್ದ. ತಾಯಿ ಒಗೆದ ಬಟ್ಟೆಯ ರಾಶಿಯ ಮುಂದೆ ಮಡಿಸುತ್ತಿದ್ದಳು.

"ಬೈಯ್ಯೋಕೆ ಬಂದ್ರಾ?" ಎಂದ ಹುಡುಗ.

"ತಪ್ಪು ನನ್ನದಾಗಿರೋವಾಗ ನಿನ್ನ ಯಾಕೆ ಬೈಲಿ? ಅವತ್ತು 'ಟಕ್' ಅನ್ನುತ್ತೆ ಅಂದೆ. ಅದಕ್ಕೂ ಮುಂಚೆ?"

ಸಿಸ್ಟರು ಆತುರ ಮಾಡಲಿಲ್ಲ. ತಾಯಿಯ ರಾಶಿಯಿಂದ ಒಂದು ಅಂಗಿ ಎತ್ತಿಕೊಂಡು ತಾವೂ ಮಡಿಸಲು ಶುರುಮಾಡಿದರು. ಸೊಟ್ಟಗೆ ಮಡಿಸಿದರು. ತಾಯಿ ಅದನ್ನು ಮೆಲ್ಲಗೆ ತೆಗೆದುಕೊಂಡು ಸರಿಮಾಡಿದಳು.

"ಅದಕ್ಕೂ ಮುಂಚೆ ಸದ್ದಿರಲ್ಲ," ಎಂದ ಹುಡುಗ ಕೊನೆಗೆ. "ಬಾಗಿಲಲ್ಲಿ ನಿಂತಿರ್ತೀನಲ್ಲ, ಆಗ ಅದು ಎಲ್ಲಿದೆ ಅಂತ ಗೊತ್ತಿರಲ್ಲ. ಅದೇ ಕಷ್ಟ ಸಿಸ್ಟರ್. ಟಕ್ ಅಂದ್ರೆ ಹೊರಟಿತು ಅಂತ ಗೊತ್ತಾಗುತ್ತೆ. ಕರಕರ ಅಂದ್ರೆ ಎರಡನೇ ಮಹಡಿ ದಾಟ್ತು ಅಂತ ಗೊತ್ತಾಗುತ್ತೆ. ಗೊತ್ತಾದ ಮೇಲೆ ಮೈಯಲ್ಲಿ ಜೀವ ಬರುತ್ತೆ, ಕಾಲು ಏಳುತ್ತೆ, ಎದ್ದದ್ದೇ ಅಂಗಡಿಗೆ ಓಡಿಬಿಡ್ತಿದ್ದೆ. ಈಗ ಏನೂ ಗೊತ್ತಾಗಲ್ಲ." ಮುಖವನ್ನು ಗೋಡೆಗೆ ತಿರುಗಿಸಿ ಹೇಳಿದ: "ಅವತ್ತಿನದ್ದು ಹೊಸ ಲಿಫ್ಟು. ಸದ್ದೇ ಇರಲಿಲ್ಲ. ಅಣ್ಣ ಕೂಗಿದ, ನಿಂತಿದೆ ಅಂದೆ. ನಿಂತೇ ಇತ್ತು. ನೋಡಿಯೇ ಹೇಳಿದೆ ಸಿಸ್ಟರ್. ಹೇಳಿ ಆ ಕಡೆ ತಿರುಗಿದೆ, ಅಷ್ಟೆ."

ಸಿಸ್ಟರು "ನಿನ್ನ ತಪ್ಪಲ್ಲ" ಎನ್ನಲಿಲ್ಲ. ಅದನ್ನು ಎಲ್ಲರೂ ಹೇಳಿ ಮುಗಿಸಿದ್ದರು. "ನೋಡಿಯೇ ಹೇಳಿದೆ. ಸರಿ," ಎಂದರು. "ಈಗ ನಿನಗೆ ಅದು ಎಲ್ಲಿದೆ ಅಂತ ಗೊತ್ತಾಗಬೇಕು, ಅಲ್ವಾ?"

ಮಧ್ಯಾಹ್ನ ಮೇಸ್ತ್ರಿ ಬಂದ. ವಿಷಯ ಕೇಳಿ ಹಣೆ ಚಚ್ಚಿಕೊಂಡ. "ಲಿಫ್ಟಿನ ಕೆಲಸದವನು ನಾನು, ನನಗೆ ತಿಳೀಬೇಡ್ವಾ! ಕಿವಿ ಇಲ್ದೆ ಲಿಫ್ಟಿನ ಬಾವಿಗೆ ಇಳಿಯೋನಾ ನಾನು? ಇವನ ಕಿವಿಯನ್ನೇ ಕಿತ್ತು ಕೈಗೆ ಕೊಟ್ಟೆನಲ್ಲ!"

"ಹಳೇದೇ ವಾಪಸ್ ಹಾಕಿಬಿಡಿ ಅಣ್ಣಾ," ಎಂದಳು ತಾಯಿ.

"ಸವೆದದ್ದನ್ನ ವಾಪಸ್ ಹಾಕೋ ಬಾಳು ನನ್ನದಲ್ಲಮ್ಮಾ. ಗಂಟೆ ಹಾಕ್ತೀನಿ. ಮಹಡಿಗೊಂದು. ದಾಟಿದಾಗೆಲ್ಲ ಬಾರಿಸುತ್ತೆ, ನಿಂತ್ರೆ ಎರಡು ಸಲ." ಹುಡುಗನ ಕಡೆ ತಿರುಗಿದ. "ಲೋ, ನಾನೊಬ್ಬನೇ ಹಾಕಲ್ಲ. ಮೇಲೆ ಯಂತ್ರದ ಕೋಣೇಲಿ ನಾನಿರ್ತೀನಿ. ನೀನು ಇಲ್ಲೇ ನಿಮ್ಮ ಮಹಡಿಯ ಲಿಫ್ಟ್ ಬಾಗಿಲ ಮುಂದೆ. ಒಳಗೆ ಇಳಿಯೋದು ಬೇಡ. ಬಾಯಿ ಸಾಕು."

ಸಿಸ್ಟರು ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದರು. ಹುಡುಗನನ್ನು ಮೊದಲು ಕರೆತಂದು ತೋರಿಸಿ, ಏರಿದ ಕುಡಿತವನ್ನು ಇಳಿಸುವ ತನಕ ಉಪಕರಣ ಮುಟ್ಟಿಸಬೇಡಿ ಎಂದರು ಡಾಕ್ಟರಮ್ಮ. ಹಾಗೇ ಆಯಿತು. ಔಷಧಿ ಶುರುವಾಗಿ, ಕೈ ತಹಬಂದಿಗೆ ಬಂದ ಮೇಲೆ, ಒಂದು ಬೆಳಿಗ್ಗೆ ಮೇಸ್ತ್ರಿ ಮೇಲೆ ಹತ್ತಿದ. ಹುಡುಗ ಐದನೇ ಮಹಡಿಯಲ್ಲಿ ಲಿಫ್ಟಿನ ತೆರೆದ ಬಾಗಿಲ ಮುಂದೆ ನಿಂತ. ಸಿಸ್ಟರೂ ತಾಯಿಯೂ ಮೆಟ್ಟಿಲ ಮೇಲೆ ಕೂತರು.

"ನಿಂತಿದೆಯಾ?" ಮೇಲಿನಿಂದ ಮೇಸ್ತ್ರಿಯ ದನಿ ಬಂತು.

ಹುಡುಗನ ಬಾಯಿ ತೆರೆಯಿತು. ದನಿ ಬರಲಿಲ್ಲ.

ಮೇಸ್ತ್ರಿ ಮತ್ತೆ ಕೂಗಲಿಲ್ಲ. ಉತ್ತರ ಬರದೆ ಕೈ ಹಾಕುವಂತಿಲ್ಲ. ಮೇಲೆ ಒಂದು ಬೀಡಿ ಹೊತ್ತಿಸಿದ ವಾಸನೆ ಬಂತು. ಕೆಳಗಿನಿಂದ ನಾಲ್ಕನೇ ಮಹಡಿಯ ಹೆಂಗಸು, "ಲಿಫ್ಟು ಸತ್ತೋಯ್ತೇನ್ರೀ? ನಾನು ಹೊರಗೆ ಹೋಗಬೇಕು!" ಎಂದು ಕೂಗಿದಳು. ತಾಯಿ ಎದ್ದು ಇಳಿದು ಹೋಗಿ, "ಮೆಟ್ಟಿಲಿದೆಯಲ್ಲ ಅಕ್ಕಾ, ನಾನು ಚೀಲ ಹಿಡ್ಕೊಳ್ತೀನಿ ಬನ್ನಿ," ಎಂದು ಅವಳನ್ನು ಕೆಳಗಿನ ತನಕ ಬಿಟ್ಟು ಬಂದಳು. ಆಕೆ ವಾಪಸ್ ಬಂದು ಕೂರುವಷ್ಟರಲ್ಲಿ ಹುಡುಗ ಬಗ್ಗಿ ನೋಡಿದ್ದ. ಇನ್ನೊಮ್ಮೆ ನೋಡಿದ.

"ನಿಂತಿದೆ," ಎಂದ. ಮೇಲಕ್ಕೆ ಕೇಳಿಸಿತು.

ಗಂಟೆಗಳು ಬಂದವು. ನಾಲ್ಕನೇ ಮಹಡಿಯ ಹೆಂಗಸು, "ಇದೇನು ಮನೆಯಾ, ಶಾಲೆಯಾ?" ಎಂದು ಜಗಳ ಮಾಡಿದಳು. ಒಂದು ವಾರ ಕಳೆದಾಗ, ತನ್ನ ಮಹಡಿಯ ಗಂಟೆ ಕೇಳಿ, ಮನೆಯವರು ಬಂದರೆಂದು ಒಲೆ ಆರಿಸುವುದು ಅವಳಿಗೇ ರೂಢಿಯಾಯಿತು. ಸ್ಪ್ಯಾನರ್ ಸಂಜೆ ಬಾಗಿಲಲ್ಲಿ ನಿಂತು, ಗಂಟೆಯ ಮೇಲೆ ಗಂಟೆ ಕೇಳಿ, ಅದು ಎಲ್ಲಿ ನಿಂತಿತು ಎಂದು ತಿಳಿದುಕೊಂಡು ಮೆಟ್ಟಿಲು ಹತ್ತತೊಡಗಿದ. ಒಂದೆರಡು ಸಂಜೆ ಕಾಲು ಅಂಗಡಿಗೇ ತಿರುಗಿತು. ಅದನ್ನೂ ಬುಧವಾರ ಬಂದು ಹೇಳಿದ. ಕುಡಿತ ಬಿಟ್ಟನೇ ಎಂದು ಕೇಳುವವರಿಗೆ: ಬಿಡಲಿಲ್ಲ. ಊಟವಾದ ಮೇಲೆ ಚಿಕ್ಕ ಗ್ಲಾಸೊಂದು ಉಳಿದಿದೆ, ಅದೂ ಎಲ್ಲ ದಿನ ಇಲ್ಲ. ಇಷ್ಟೇನಾ ಎಂದು ಮೂಗು ಮುರಿಯುವವರು ಅವನಿಗೆ ಮೊದಲ ಗ್ಲಾಸು ಕೊಟ್ಟವರೇ ಇರಬೇಕು.

ಗಡುವಿನ ಕೊನೆಗೆ ಡಾಕ್ಟರಮ್ಮ ಅವನ ಕೈ ಚಾಚಿಸಿ ನೋಡಿ, ಮೇಲಿನ ಕೆಲಸ ಮಾಡಬಹುದು, ಗುಂಡಿಗೆ ಇಳಿಯುವುದು ಸದ್ಯ ಬೇಡ ಎಂದರು. "ಗುಂಡಿಗೆ ನಾನಿಳೀತೀನಿ ಬಿಡಿ," ಎಂದ ಮೇಸ್ತ್ರಿ. "ಮೇಲೆ ಇವನಿದ್ರೆ ಸಾಕು. ಇವನಷ್ಟು ಸಲ ಬಗ್ಗಿ ನೋಡೋನು ಇನ್ನೊಬ್ಬನಿಲ್ಲ."

ಆಮೇಲೆ ಒಂದು ದಿನ ಆಸ್ಪತ್ರೆಯ ಲಿಫ್ಟೇ ಕೆಟ್ಟು ನಿಂತಿತು. ಬಂದದ್ದು ಅವರಿಬ್ಬರೇ. ಸಿಸ್ಟರು ರೋಗಿಗಳನ್ನು ಇಳಿಜಾರಿನ ದಾರಿಯಿಂದ ಗಾಲಿಕುರ್ಚಿಯಲ್ಲಿ ತಳ್ಳಿಸುತ್ತಿದ್ದರು. ಬೆವರೊರೆಸಿಕೊಳ್ಳುತ್ತ ಆಸ್ಪತ್ರೆಯ ಮ್ಯಾನೇಜರು ಗಡಿಯಾರ ನೋಡಿದರು, ಲಿಫ್ಟಿನ ಬಾಗಿಲು ನೋಡಿದರು. ಆಮೇಲೆ ಗೋಡೆಯ ಮೇಲಿನ ಸ್ವಿಚ್ ಪೆಟ್ಟಿಗೆಯ ಕಡೆ ನಡೆದರು. "ಎಷ್ಟು ಹೊತ್ತು ಇವರದ್ದು? ಒಂದ್ಸಲ ಹಾಕಿ ನೋಡೋಣ, ಸರಿಹೋಗಿರಬಹುದು."

ಸಿಸ್ಟರು ಗಾಲಿಕುರ್ಚಿಯನ್ನು ಬೇರೆಯವರ ಕೈಗೆ ಕೊಟ್ಟರು. ಪ್ಲಾಸ್ಟರ್ ಕೋಣೆಯಿಂದ ಒಂದು ಸ್ಟೂಲು ಎಳೆದು ತಂದು, ಸ್ವಿಚ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತರು.

"ಇದೇನು ಸಿಸ್ಟರ್?"

"ಕಾಲು ನೋವು ಸಾರ್."

"ಅಲ್ಲಿಂದ ಏಳಿ, ಸ್ವಿಚ್ಚು..."

"ಅವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಆಗಲಿ ಸಾರ್. ನಾನು ಇಲ್ಲಿಂದ ಏಳಲ್ಲ."

ಮ್ಯಾನೇಜರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಗೋಡೆಯ ಹಿಂದೆ, ತಳದ ಗುಂಡಿಯಿಂದ ಮೇಸ್ತ್ರಿಯ ಒರಟು ದನಿ ಎದ್ದಿತು. "ನಿಂತಿದೆಯಾ?"

ಮೇಲೆ ಯಾರೋ ಬಗ್ಗಿ ನೋಡುವಷ್ಟು ಹೊತ್ತು ಮೌನ. ಸಿಸ್ಟರು ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದರು.

"ನಿಂತಿದೆ ಮೇಸ್ತ್ರಿ!"